ಹತ್ತೊಂಬತ್ತು ದಿನದ ಹಸಿರು

ಹೊಂಡೆ ಕಣಿವೆಯ ಜನ ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಮಗು ಹುಟ್ಟಿತು, ಮಳೆ ಬಂತು, ಬಾಳೆಗೊನೆ ಲಾರಿ ಹತ್ತಿತು ಎಂಬುದಕ್ಕೆಲ್ಲ ಫೋನು ಸಾಕು. ಸಾವಿನ ಸುದ್ದಿಗೆ ಮಾತ್ರ ಮನುಷ್ಯರೇ ಬರಬೇಕು. ಬಂದು, ಕೂತು, ನೀರು ಕುಡಿದು, ಮನೆಮಂದಿಯ ಕ್ಷೇಮವನ್ನೆಲ್ಲ ವಿಚಾರಿಸಿ ಮುಗಿಸಿದ ಮೇಲೆ ಬಾಯಿ ಬಿಡಬೇಕು. ಹಾಗಾಗಿ ಆ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ, ಒಂದು ಮೆಸೇಜೂ ಕಳಿಸದೆ, ಸಿಸ್ಟರ್ ಎಸ್ನಾತ್ ಮುಟಾರೆ ಪಟ್ಟಣದ ಕಚೇರಿ ಬಾಗಿಲಲ್ಲಿ ಬಂದು ನಿಂತಾಗ ನ್ಯಾರಾಯಿಯ ಎದೆ ಧಸಕ್ಕೆಂದಿತು.

ಎಸ್ನಾತ್ ಕಣಿವೆಯ ತಳದಲ್ಲಿರುವ ನ್ಯಾಮುಚೇರ ಕ್ಲಿನಿಕ್ಕಿನ ನರ್ಸು. ಇಪ್ಪತ್ತೆಂಟು ವರ್ಷದಿಂದ ಅಲ್ಲೇ. ನ್ಯಾರಾಯಿ ಅಂಥ ಹನ್ನೊಂದು ಕ್ಲಿನಿಕ್ಕುಗಳನ್ನು ನಡೆಸುವ ಸಂಘದ ಕಂಪ್ಯೂಟರುಗಳನ್ನು ಕಾಯುವವಳು. ಇಬ್ಬರದೂ ಮೊಯೋ ಎಂಬ ಒಂದೇ ಬಳಿ, ಒಂದೇ ಕುಲ. ರಕ್ತಸಂಬಂಧ ಏನೂ ಇಲ್ಲದಿದ್ದರೂ ಬಳಿ ಒಂದಾದ ಮೇಲೆ ಎಸ್ನಾತ್ ಅವಳಿಗೆ ಟೇಟೆ, ಅಪ್ಪನ ತಂಗಿ. ನಮ್ಮಲ್ಲಿ ಸೋದರತ್ತೆ ಎಂದರೆ ಬೈಯಲು ಪರವಾನಗಿ ಇರುವವಳು.

"ಹೇಗಿದ್ದೀರಿ ಟೇಟೆ?" ನ್ಯಾರಾಯಿ ಮೊಣಕಾಲು ಬಗ್ಗಿಸಿ ಎರಡೂ ಅಂಗೈ ತಟ್ಟಿದಳು.

"ನೀನು ಚೆನ್ನಾಗಿದ್ರೆ ನಾನೂ ಚೆನ್ನಾಗಿದ್ದೀನಿ ಮಗಳೆ."

"ನಾನು ಚೆನ್ನಾಗಿದ್ದೀನಿ."

"ಹಾಗಾದ್ರೆ ನಾನೂ ಚೆನ್ನಾಗಿದ್ದೀನಿ. ಮಕ್ಕಳು?"

"ಸ್ಕೂಲಿಗೆ ಹೋಗಿದಾರೆ. ನಿಮ್ಮ ಮಂಡಿನೋವು?"

"ಅದು ನನಗಿಂತ ಗಟ್ಟಿಯಾಗಿದೆ. ನಿಮ್ಮಮ್ಮನ ಆಡು ಮರಿ ಹಾಕ್ತಾ?"

ಹಾಕಿತ್ತು, ಎರಡು. ಚಹಾ ಬಂತು, ಬ್ರೆಡ್ಡು ಬಂತು. ಎಸ್ನಾತ್ ನಿಧಾನವಾಗಿ ತಿಂದು, ಸೆರಗಿಲ್ಲದ ಬಿಳಿ ಸಮವಸ್ತ್ರದ ಮೇಲೆ ಬಿದ್ದ ಚೂರುಗಳನ್ನು ಕೊಡವಿಕೊಂಡಳು. ಯಾರು ಸತ್ತರಪ್ಪಾ ಎಂದು ನ್ಯಾರಾಯಿ ಒಳಗೊಳಗೇ ಕಣಿವೆಯ ಮುದುಕರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತಿದ್ದಳು. ಆಮೇಲೆ ಎಸ್ನಾತ್ ಲಸಿಕೆ ಒಯ್ಯುವ ನೀಲಿ ಡಬ್ಬಿ ತೆಗೆದು ಹೆಬ್ಬೆರಳಿನಷ್ಟು ದೊಡ್ಡ ಎರಡು ಸೀಸೆಗಳನ್ನು ಮೇಜಿನ ಮೇಲಿಟ್ಟಳು. ಎಳೆಗೂಸುಗಳಿಗೆ ತೊಡೆಗೆ ಚುಚ್ಚುವ ಔಷಧಿ, ಐದು ಕಾಯಿಲೆಗೆ ಒಂದೇ ಸೂಜಿ.

"ಇದು ಪಕ್ಕದೂರ ಕ್ಲಿನಿಕ್ಕಿಂದು. ಇದು ನನ್ನ ಫ್ರಿಜ್ಜಿಂದು," ಎಂದು ಎರಡನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು ಚೆನ್ನಾಗಿ ಕುಲುಕಿ, ಅಕ್ಕಪಕ್ಕ ನಿಲ್ಲಿಸಿದಳು. "ಈಗ ನೋಡ್ತಾ ಕೂತ್ಕೋ. ನಂಗೇನೂ ಅವಸರ ಇಲ್ಲ."

ಎರಡೂ ಹಾಲಿನಂತೆ ಬೆಳ್ಳಗಿದ್ದವು. ಹತ್ತು ನಿಮಿಷವಾಯಿತು. ಪಕ್ಕದೂರಿನ ಸೀಸೆ ಹಾಗೇ ಬೆಳ್ಳಗಿತ್ತು. ಎಸ್ನಾತ್‌ಳದರಲ್ಲಿ ಮೇಲಿನಿಂದ ತಿಳಿನೀರು ಬಿಡತೊಡಗಿ, ಅಡಿಯಲ್ಲಿ ಒಡೆದ ಹಾಲಿನಂಥ ಚೂರುಗಳು ಕೂತವು. ಇಪ್ಪತ್ತು ನಿಮಿಷಕ್ಕೆ ಮೇಲೆಲ್ಲ ಬರೀ ನೀರು.

"ಹೆಪ್ಪುಗಟ್ಟಿ ಕರಗಿದೆ," ಎಂದಳು ಎಸ್ನಾತ್. "ಒಂದು ಸಲ ಮಂಜಾದ್ರೆ ಇದು ಸತ್ತ ಹಾಗೆ. ಚುಚ್ಚಿದ್ರೆ ಮಗು ಅಳುತ್ತೆ, ಅಷ್ಟೇ ಬಂತು."

"ಸಾಧ್ಯವೇ ಇಲ್ಲ ಟೇಟೆ!" ನ್ಯಾರಾಯಿ ಗೋಡೆಯ ಮೇಲಿನ ದೊಡ್ಡ ಪರದೆಯತ್ತ ಕೈ ತೋರಿಸಿದಳು. ಹನ್ನೊಂದು ಕ್ಲಿನಿಕ್ಕು, ಹನ್ನೊಂದು ಸಾಲು. ನಾಲ್ಕನೆಯ ಸಾಲಿನಲ್ಲಿ, ನ್ಯಾಮುಚೇರ ಲಸಿಕೆ ಫ್ರಿಜ್, ನಾಲ್ಕು ಪಾಯಿಂಟ್ ಆರು ಡಿಗ್ರಿ. ಅಚ್ಚ ಹಸಿರು. "ನೋಡಿ, ಎರಡರಿಂದ ಎಂಟರ ಒಳಗೇ ಇದೆ. ಇಲ್ಲದಿದ್ರೆ ಕೆಂಪಾಗ್ತಿತ್ತು, ನನ್ನ ಫೋನು ಬಡ್ಕೋತಿತ್ತು."

"ಹಸಿರೇ ಇದೆ," ಎಂದಳು ಎಸ್ನಾತ್. "ನಾನು ನಿನ್ನೆ ಸೀಸೆಗಳನ್ನ ಮಂಜಿಂದ ಕಿತ್ತು ತೆಗೆದೆ."

ನ್ಯಾರಾಯಿ ಆ ಸಾಲನ್ನು ಒತ್ತಿ ಒಳಗೆ ಹೋದಳು. ಕೊನೆಯ ಸಲ ಸುದ್ದಿ ಬಂದದ್ದು ಯಾವಾಗ ಎಂಬುದು ಅಲ್ಲಿ ಸಣ್ಣ ಅಕ್ಷರದಲ್ಲಿತ್ತು. ಒಂದು ಕಾಲದಲ್ಲಿ ಅದು ದೊಡ್ಡ ಪರದೆಯ ಮೇಲೇ ಕಾಣುತ್ತಿತ್ತು, ಸಂಘದ ನಿರ್ದೇಶಕ ಕಗೊರೊ ಕನ್ನಡಕ ಏರಿಸಿಕೊಂಡು "ಇಷ್ಟೊಂದು ಇರುವೆ ಸಾಲು ಯಾಕಮ್ಮ, ಬಣ್ಣ ಕಂಡ್ರೆ ಸಾಲದಾ?" ಎಂದ ಮೇಲೆ ಅವಳೇ ತೆಗೆದುಹಾಕಿದ್ದಳು. ತಾರೀಖು ಓದಿ, ಬೆರಳು ಮಡಚಿ ಎಣಿಸಿದಳು. ಹತ್ತೊಂಬತ್ತು ದಿನ ಹಿಂದಿನ ಭಾನುವಾರ. ಆಮೇಲೆ ಆ ಫ್ರಿಜ್ಜು ಒಂದು ಮಾತೂ ಆಡಿರಲಿಲ್ಲ; ಪರದೆಯ ಮೇಲೆ ನಿಂತದ್ದು ಆ ದಿನದ ಅಂಕಿ.

ಕಂಪ್ಯೂಟರ್ ಕಾವಲಿನಲ್ಲಿ ಎರಡು ಬಗೆ. ಒಂದು, ನಾವೇ ಹೋಗಿ ಹೇಗಿದ್ದೀಯಾ ಎಂದು ಕೇಳುವುದು. ಇನ್ನೊಂದು, ಅವರೇ ಬಂದು ಹೇಳಲಿ ಎಂದು ಕಾಯುವುದು. ಕಣಿವೆಯ ಟವರ್‌ಗಳು ದುರ್ಬಲ. ಇಲ್ಲಿಂದ ಹೋಗಿ ಕೇಳುವ ಹಾಗಿಲ್ಲ. ಹಾಗಾಗಿ ನ್ಯಾರಾಯಿ ಎರಡನೆಯ ಬಗೆಯನ್ನು ಹೂಡಿದ್ದಳು. ಪ್ರತಿ ಫ್ರಿಜ್ಜಿನ ಹಿಂದೆ ಒಂದು ಪುಟ್ಟ ಪೆಟ್ಟಿಗೆ, ಕಾಲು ಗಂಟೆಗೊಮ್ಮೆ ಮುಟಾರೆಗೆ ಒಂದು ಅಂಕಿ ಕಳಿಸುತ್ತದೆ. ಕಾವಲಿನ ಕಂಪ್ಯೂಟರಿಗೆ ಹೇಳಿಕೊಡಬೇಕಾದದ್ದು ಇಷ್ಟೇ: ಎಷ್ಟು ಡಿಗ್ರಿ ಸರಿ, ಎಷ್ಟಾದರೆ ತಪ್ಪು, ತಪ್ಪಾದರೆ ಯಾರನ್ನು ಎಬ್ಬಿಸಬೇಕು. ಕೊನೆಯಲ್ಲಿ ಇನ್ನೊಂದು ಖಾನೆ. ಎಷ್ಟು ಹೊತ್ತು ಸುದ್ದಿಯೇ ಬಾರದಿದ್ದರೆ ಅದನ್ನು ಕೆಟ್ಟ ಸುದ್ದಿ ಎಂದು ತಿಳಿಯಬೇಕು?

ಮೊದಲು ಆ ಖಾನೆಯಲ್ಲಿ ನಲವತ್ತೈದು ನಿಮಿಷ ಎಂದು ಬರೆದಿದ್ದಳು. ಪುಣ್ಯಾತ್ಗಿತ್ತಿ ಸರಿಯಾಗಿಯೇ ಬರೆದಿದ್ದಳು. ಆದರೆ ಮಾರ್ಚಿಯಲ್ಲಿ ಕರೆಂಟು ದಿನಕ್ಕೆ ಹತ್ತು ಗಂಟೆ ಹೋಗತೊಡಗಿತು. ಕರೆಂಟು ಹೋದರೆ ಟವರ್ ಹೋಯಿತು, ಟವರ್ ಹೋದರೆ ಹನ್ನೊಂದು ಪೆಟ್ಟಿಗೆಗಳೂ ಮೂಕ, ಮೂಕವಾದರೆ ನ್ಯಾರಾಯಿಯ ಫೋನೂ ಕಗೊರೊನ ಫೋನೂ ಹನ್ನೊಂದೂ ನರ್ಸುಗಳ ಫೋನೂ ಒಟ್ಟಿಗೆ ಬಡಿದುಕೊಳ್ಳುವುದು. ನೋಡಿದರೆ ಫ್ರಿಜ್ಜು ಸೋಲಾರ್ ಬಲದಲ್ಲಿ ತಣ್ಣಗೆ ಕೂತಿರುತ್ತಿತ್ತು. ಹುಲಿ ಬಂತು ಹುಲಿ ಎಂದು ದಿನಕ್ಕೆ ನಲವತ್ತು ಸಲ ಕೂಗಿದರೆ ಯಾರು ತಾನೇ ಓಡಿ ಬಂದಾರು? ಕಗೊರೊನ ಫೋನಂತೂ ಅವನ ಮಾವನ ಮಣ್ಣಿನಲ್ಲಿ, ಪಾದ್ರಿ ಪ್ರಾರ್ಥನೆಗೆ ಕಣ್ಣು ಮುಚ್ಚಿದ ಹೊತ್ತಿನಲ್ಲೇ ಕಿರುಚಿಕೊಂಡಿತು. ಮಾರನೆಯ ದಿನ ನ್ಯಾರಾಯಿ ಆ ಖಾನೆಯಲ್ಲಿ ಸೊನ್ನೆ ಹಾಕಿದಳು. ಸೊನ್ನೆ ಎಂದರೆ ಮೌನದ ವಿಷಯವನ್ನು ಕೇಳಲೇಬೇಡ ಎಂದು. ಕರೆಂಟು ಸರಿಯಾಗುವ ತನಕ ಎಂದುಕೊಂಡಿದ್ದಳು.

ಅವಳಿಗೆ ಅದು ತಪ್ಪೆಂದೇ ಅನ್ನಿಸಿರಲಿಲ್ಲ, ಇದು ನಿಜ. ಈ ಸೀಮೆಯಲ್ಲಿ ಫೋನು ಬರಲಿಲ್ಲ ಎಂದರೆ ಎಲ್ಲ ಕ್ಷೇಮ ಎಂದೇ ಅರ್ಥ. ಕೆಟ್ಟದ್ದೇನಾದರೂ ಆಗಿದ್ದರೆ ಯಾರಾದರೂ ಬರುತ್ತಿದ್ದರಲ್ಲ? ಅವಳ ಅಮ್ಮ ತಿಂಗಳುಗಟ್ಟಲೆ ಸುದ್ದಿಯಿಲ್ಲದೆ ನೆಮ್ಮದಿಯಾಗಿ ಮಲಗುವವಳು. ಹುಟ್ಟಿದಾಗಿನಿಂದ ರಕ್ತದಲ್ಲಿ ಬಂದದ್ದನ್ನು ಅವಳು ಹಾಗೇ ಎತ್ತಿ ಯಂತ್ರದೊಳಗೆ ಬರೆದುಬಿಟ್ಟಿದ್ದಳು. ಯಂತ್ರದ ಕಡೆಯಿಂದ ಬಸ್ಸು ಹತ್ತಿ ಬಂದು ಹೇಳುವವರು ಯಾರೂ ಇರಲಿಲ್ಲ.

"ಏನಾಗಿತ್ತು?" ಎಂದಳು.

"ಇಲಿ. ಫ್ರಿಜ್ಜಿನ ಹಿಂದೆ ಎರಡು ವೈರು ಕಡಿದಿದೆ. ಒಂದು ನಿನ್ನ ಪೆಟ್ಟಿಗೇದು. ಇನ್ನೊಂದು ಒಳಗಿನ ಚಳಿ ಅಳೆಯೋದು. ಅಳತೆ ತಪ್ಪಿದ ಫ್ರಿಜ್ಜು, ಪಾಪ, ಇನ್ನೂ ಸೆಖೆ ಇದೆ ಅಂತ ತಿಳ್ಕೊಂಡು ತಣ್ಣಗೆ ಮಾಡ್ತಾನೇ ಹೋಗಿದೆ. ಹಗಲು ಹೆಪ್ಪುಗಟ್ಟಿ ಬೆಳಗಾಗೋದ್ರೊಳಗೆ ಕರಗ್ತಿತ್ತು, ನಿನ್ನೆ ಮಧ್ಯಾಹ್ನ ತೆಗೆದಾಗಲೇ ನಂಗೆ ಕಂಡಿದ್ದು."

"ಎಷ್ಟು ಮಕ್ಕಳಿಗೆ...?"

"ಮೂರು ಮಂಗಳವಾರ. ಮೂವತ್ತೊಂದು ಮಕ್ಕಳು." ಎಸ್ನಾತ್ ಲೋಟ ತಿರುಗಿಸುತ್ತ ಕೂತಳು. "ಇಪ್ಪತ್ತೆರಡು ಮಕ್ಕಳ ಚಿಂತೆ ನನಗಿಲ್ಲ. ಅವರಮ್ಮಂದಿರು ನಂಗೆ ಬಾಯಿಗೆ ಬಂದ ಹಾಗೆ ಬೈತಾರೆ, ಮತ್ತೆ ಚುಚ್ಚಿಸ್ಕೊಂಡು ಹೋಗ್ತಾರೆ. ಒಂಬತ್ತು ಬಿಳಿಯವರದು."

ಬಿಳಿಯವರು ಎಂದರೆ ಬಿಳಿ ನಿಲುವಂಗಿ ತೊಟ್ಟು ಬಯಲಿನಲ್ಲಿ ಕೂತು ಪ್ರಾರ್ಥಿಸುವ ಪಂಥದವರು. ಔಷಧಿ ಮುಟ್ಟುವುದು ಅವರಲ್ಲಿ ದೇವರ ಮೇಲಿನ ಅಪನಂಬಿಕೆ. ಹಾಗಿದ್ದೂ ಅವರ ಹೆಂಗಸರಲ್ಲಿ ಕೆಲವರು ನಸುಕಿನಲ್ಲಿ ಸೌದೆಗೆ ಹೋಗುವ ನೆವ ಮಾಡಿ ಕ್ಲಿನಿಕ್ಕಿನ ಹಿತ್ತಿಲಿಗೆ ಬರುತ್ತಿದ್ದರು. ಬೇಲಿಯ ಮೇಲೆ ಹಳದಿ ಟವೆಲು ಒಣಗುತ್ತಿದ್ದರೆ ಬರಬಹುದು ಎಂದು ಗುರುತು. ಅವರ ಮಕ್ಕಳ ಚೀಟಿಗಳು ಎಸ್ನಾತ್‌ಳ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತಿದ್ದವು, ಹೆಸರಿಲ್ಲದೆ, ಅವಳಿಗೊಬ್ಬಳಿಗೇ ತಿಳಿಯುವ ಗುರುತು ಹಾಕಿ. ಆ ಒಬ್ಬೊಬ್ಬ ತಾಯಿಯ ನಂಬಿಕೆ ಗಳಿಸಲು ಅವಳಿಗೆ ವರ್ಷಗಳೇ ಹಿಡಿದಿದ್ದವು.

"ಕಗೊರೊಗೆ ಮಧ್ಯಾಹ್ನ ಹೇಳ್ತೀನಿ," ಎಂದು ಎಸ್ನಾತ್ ಎದ್ದಳು. "ನಿಂಗೆ ಮೊದಲು ಹೇಳೋಣ ಅಂತ ಬಂದೆ."

ಅಷ್ಟು ಹೇಳಿ ಅಂಗಳಕ್ಕೆ ಹೋಗಿ ಬೆಂಚಿನ ಮೇಲೆ ಕೂತಳು. ಮೊದಲು ನನಗೇ ಯಾಕೆ ಎಂದು ನ್ಯಾರಾಯಿಗೆ ಅರ್ಥವಾಗಲು ಅರ್ಧ ಗಂಟೆ ಬೇಕಾಯಿತು. ಫೋನು ತೆಗೆದು ಹಳೆಯ ಮೆಸೇಜುಗಳನ್ನು ಹಿಂದಕ್ಕೆ ಸರಿಸಿದಳು. ಅಲ್ಲೇ ಇತ್ತು. ಮೊದಲ ಮಂಗಳವಾರ, ಬೆಳಿಗ್ಗೆ ಏಳು ಗಂಟೆ, ಇನ್ನೂ ಒಂದು ಮಗುವಿಗೂ ಚುಚ್ಚುವ ಮೊದಲು. 'ನ್ಯಾರಾಯಿ, ಫ್ರಿಜ್ಜಿನ ಬಾಗಿಲ ಮೇಲೆ ಅಂಕಿ ಕಾಣ್ತಿಲ್ಲ. ಒಳಗೆ ಎಷ್ಟಿದೆ ನೋಡಿ ಹೇಳ್ತೀಯಾ?' ಅದರ ಕೆಳಗೆ ಅವಳದೇ ಉತ್ತರ. 'ನಾಲ್ಕು ಪಾಯಿಂಟ್ ಆರು, ಅಚ್ಚ ಹಸಿರು. ಹಾಯಾಗಿರಿ ಟೇಟೆ.' ಜೊತೆಗೊಂದು ನಗುವ ಮುಖ.

ಹಳೆಯ ಕಾಲದಲ್ಲಿ ಎಸ್ನಾತ್ ದಿನಕ್ಕೆರಡು ಸಲ ಮುಳ್ಳಿನ ಥರ್ಮಾಮೀಟರ್ ನೋಡಿ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಬರೆಯುತ್ತಿದ್ದಳು. ಆ ಕಾಗದ ಕಿತ್ತು ಹಾಕಿಸಿದವಳು ನ್ಯಾರಾಯಿ. ಯಂತ್ರ ನೋಡಿಕೊಳ್ಳುತ್ತೆ, ನಿಮಗ್ಯಾಕೆ ತೊಂದರೆ ಎಂದಿದ್ದಳು. ಆ ಥರ್ಮಾಮೀಟರು ಕೂಡ ಈಗ ಅವಳ ಮೇಜಿನ ಖಾನೆಯಲ್ಲೇ ಬಿದ್ದಿತ್ತು.

ಕಗೊರೊ ಕೆಟ್ಟವನಲ್ಲ, ಹೆದರುಪುಕ್ಕಲ. ಎರಡು ಗಂಟೆಗೆ ಎಸ್ನಾತ್ ಹೇಳಿದ್ದನ್ನೆಲ್ಲ ಕೇಳಿ, ಎರಡು ಸಲ ಬೆವರು ಒರೆಸಿಕೊಂಡು, ಕೊನೆಗೆ ನಿಯಮದ ಪುಸ್ತಕ ತೆರೆದ.

"ಫ್ರಿಜ್ಜು ಯಾರ ವಶದಲ್ಲಿತ್ತು ಸಿಸ್ಟರ್?"

"ನನ್ನ ವಶದಲ್ಲಿ."

"ಅಂಕಿ ಕಾಣ್ತಿಲ್ಲ ಅಂತ ಗೊತ್ತಾದ ಮೇಲೂ ಚುಚ್ಚಿದ್ರಿ."

"ಚುಚ್ಚಿದೆ."

"ಯಾರನ್ನಾದ್ರೂ ಕೇಳಿದ್ರಾ?"

ಎಸ್ನಾತ್ ಕಿಟಕಿಯ ಹೊರಗೆ ನೋಡಿದಳು. ಸುಳ್ಳು ಹೇಳಲು ಅವಳಿಗೆ ಬಾರದು, ನಿಜ ಹೇಳಲು ಮನಸ್ಸಿಲ್ಲ.

"ನೋಡಿ, ನಿಮ್ಮ ಮೇಲೆ ನಂಗೆ ಗೌರವ ಇದೆ," ಎಂದ ಕಗೊರೊ. "ಆದ್ರೆ ಸಮಿತಿಗೆ ನಾನು ಏನಾದ್ರೂ ಹೇಳ್ಬೇಕಲ್ಲ? ನಿಮ್ಮನ್ನ ಅಲ್ಲಿಂದ ತೆಗೆದು ಇಲ್ಲಿ ಉಗ್ರಾಣಕ್ಕೆ ಹಾಕ್ತೀನಿ. ನ್ಯಾಮುಚೇರಕ್ಕೆ ಸೋಮವಾರದಿಂದ ಹೊಸ ಹುಡುಗಿ ಬರ್ತಾಳೆ. ಮತ್ತೆ ಚುಚ್ಚೋ ಕೆಲಸ ಅವಳು ನೋಡ್ಕೋತಾಳೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಮೂಲೆಯಲ್ಲಿ ಕೂತಿದ್ದ ನ್ಯಾರಾಯಿಗೆ ಎರಡು ಸಂಗತಿ ಒಟ್ಟಿಗೆ ಹೊಳೆದವು. ಒಂದು, ಬಾಯಿ ಮುಚ್ಚಿಕೊಂಡು ಕೂತರೆ ಅವಳಿಗೆ ಏನೂ ಆಗುವುದಿಲ್ಲ. ಮುಂದಿನ ತಿಂಗಳು ಅವಳ ಕೆಲಸದ ಕರಾರು ಮುಗಿಯುತ್ತದೆ, ಕಗೊರೊ ಎಂದಿನಂತೆ ಸಹಿ ಹಾಕುತ್ತಾನೆ. ಇನ್ನೊಂದು, ಹೊಸ ಹುಡುಗಿ ಹಳದಿ ಟವೆಲು ಹಾಕಿದರೂ ಒಂಬತ್ತು ತಾಯಂದಿರಲ್ಲಿ ಒಬ್ಬಳೂ ಬರುವುದಿಲ್ಲ. ಆ ಮಕ್ಕಳಿಗೆ ಲಸಿಕೆ ಆಗಿದೆ ಎಂದು ಆ ತಾಯಂದಿರು ನಂಬಿಕೊಂಡೇ ಇರುತ್ತಾರೆ, ನಾಯಿಕೆಮ್ಮು ಬರುವ ತನಕ.

"ಸರ್, ಅವರು ಕೇಳಿದ್ರು," ಎಂದಳು. "ನನ್ನನ್ನ ಕೇಳಿದ್ರು."

ಫೋನನ್ನು ಮೇಜಿನ ಮೇಲಿಟ್ಟಳು. ಕಗೊರೊ ಓದಿದ. ನಗುವ ಮುಖವನ್ನೂ ನೋಡಿದ. ಎಸ್ನಾತ್ "ಅಯ್ಯೋ ಹುಡುಗಿ" ಎಂದು ಮೆಲ್ಲಗೆ ನಾಲಿಗೆ ಕಚ್ಚಿಕೊಂಡಳು.

"ಇದು ಯಂತ್ರದ ತಪ್ಪಲ್ವಾ?" ಕಗೊರೊ ದಾರಿ ಹುಡುಕಿದ. "ತಾಂತ್ರಿಕ ಕಾರಣ ಅಂತ ಬರೆಯೋಣ. ತಾಂತ್ರಿಕ ಅಂದ್ರೆ ಸಮಿತಿಯವರು ಮುಂದಕ್ಕೆ ಕೇಳಲ್ಲ."

"ಯಂತ್ರ ನಾನು ಹೇಳಿದ ಹಾಗೇ ಮಾಡಿದೆ ಸರ್. ಸುದ್ದಿ ಬರದಿದ್ರೆ ಕೇಳಬೇಡ ಅಂತ ಅದಕ್ಕೆ ಹೇಳಿದ್ದು ನಾನು. ಬರೆಯೋದಾದ್ರೆ ನನ್ನ ಹೆಸರು ಬರೀರಿ. ಟೇಟೆಯನ್ನ ಅಲ್ಲಿಂದ ಅಲ್ಲಾಡಿಸಬೇಡಿ, ಕೈ ಮುಗೀತೀನಿ."

"ಆ ಫೋನು ನನಗೆ ತೋರಿಸದೆ ಇದ್ದಿದ್ರೂ ನಡೀತಿತ್ತು."

"ನಡೀತಿತ್ತು."

ಕಗೊರೊ ಕನ್ನಡಕ ತೆಗೆದು ಒರೆಸಿದ. ಆಮೇಲೆ ಎಸ್ನಾತ್‌ಳ ಹೆಸರಿದ್ದ ವರ್ಗಾವಣೆಯ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು, "ನಿನ್ನ ಕರಾರಿನ ಮಾತು ಆಮೇಲೆ. ಮೊದಲು ಆ ಮಕ್ಕಳು," ಎಂದ.

ಹೊರಗೆ ಬಂದ ಮೇಲೆ ಎಸ್ನಾತ್ ಅವಳ ತಲೆಗೆ ಮೊಟಕಿದಳು. "ನಂಗೆ ಇನ್ನೆರಡು ವರ್ಷಕ್ಕೆ ಪೆನ್ಷನ್ನು. ಉಗ್ರಾಣದಲ್ಲಿ ಕೂತು ಚಹಾ ಕುಡೀತಿದ್ದೆ. ನಿನ್ನ ಯಾರು ಮಾತಾಡು ಅಂದ್ರು?"

"ಆ ಒಂಬತ್ತು ಮಕ್ಕಳು?"

"ಅದನ್ನೇ ನೀನು ಕೇಳ್ತೀಯೋ ಇಲ್ವೋ ಅಂತ ನೋಡ್ತಿದ್ದೆ," ಎಂದಳು ಎಸ್ನಾತ್. ಅವಳ ಕಣ್ಣಲ್ಲಿ ನೀರಿತ್ತು. "ಮಂಗಳವಾರ ನೀನೇ ಬರ್ಬೇಕು. ತಪ್ಪು ಮಾಡಿದವರೇ ಬಂದು ಹೇಳ್ಬೇಕು. ನಾನು ಹೇಳಿದ್ರೆ ಅವರು ನನ್ನ ಮುಖ ನೋಡಿ ಕ್ಷಮಿಸಿಬಿಡ್ತಾರೆ, ಅದು ಸರಿಯಲ್ಲ."

ಸೋಮವಾರ ನ್ಯಾರಾಯಿ ಹೊಸ ಲಸಿಕೆಯ ಡಬ್ಬಿ, ವೈರು, ಕಬ್ಬಿಣದ ಕೊಳವೆ, ಖಾನೆಯಲ್ಲಿದ್ದ ಥರ್ಮಾಮೀಟರು ಎಲ್ಲ ಹೊತ್ತು ವ್ಯಾನು ಹತ್ತಿದಳು. ಮಂಗಳವಾರ ನಸುಕಿಗೆ ಹಳದಿ ಟವೆಲು ಬೇಲಿಗೆ ಬಿತ್ತು. ಬಾಳೆತೋಟಗಳ ಸಂದಿಯಿಂದ ಒಬ್ಬೊಬ್ಬರೇ ಬಂದರು, ಬಿಳಿ ಮುಸುಕು, ಬೆನ್ನಿಗೆ ಕಟ್ಟಿದ ಮಗು, ಕೈಯಲ್ಲಿ ಸೌದೆ ಕಟ್ಟುವ ಹಗ್ಗ. ಒಂಬತ್ತೂ ಜನ ಬಂದರು. ಇದು ತಮ್ಮ ಮಗುವಿನ ಸೂಜಿಯ ವಾರವಲ್ಲವಲ್ಲ, ಸಿಸ್ಟರ್ ಗುಟ್ಟಾಗಿ ಯಾಕೆ ಕರೆಸಿದಳು ಎಂದು ಎಲ್ಲರ ಮುಖದಲ್ಲೂ ಕಳವಳ.

ನ್ಯಾರಾಯಿ ಅವರ ಮುಂದೆ ಮಣ್ಣಿನ ಮೇಲೆ ಮಂಡಿಯೂರಿ, ಅಂಗೈ ತಟ್ಟಿ, ಕ್ಷೇಮ ಕೇಳಿದಳು. ಅವರು ಚೆನ್ನಾಗಿದ್ದರು, ಅವಳು ಚೆನ್ನಾಗಿದ್ದರೆ.

"ನಾನು ಚೆನ್ನಾಗಿಲ್ಲ ಅಕ್ಕಂದಿರಾ," ಎಂದಳು. "ನಿಮ್ಮ ಮಕ್ಕಳಿಗೆ ಚುಚ್ಚಿದ ಔಷಧಿ ಸತ್ತಿತ್ತು. ವಿಷವಲ್ಲ, ಕೆಡುಕೇನೂ ಆಗಲ್ಲ. ಆದ್ರೆ ಅದರಿಂದ ಏನೂ ಆಗಲ್ಲ. ಸಿಸ್ಟರ್ ತಪ್ಪಲ್ಲ. ಫ್ರಿಜ್ಜು ಕಾಯೋದು ನನ್ನ ಕೆಲಸ. ನಾನು ಕಾಯಲಿಲ್ಲ."

ಒಬ್ಬಳು ಮಗುವಿನ ತೊಡೆಯನ್ನು ಸವರಿದಳು. ಇನ್ನೊಬ್ಬಳು, ಎಲ್ಲರಿಗಿಂತ ಚಿಕ್ಕವಳು, ಮುಂದೆ ಬಂದಳು. ಎನೋಕನ ತಾಯಿ. ಅವಳನ್ನು ಎಲ್ಲರೂ ಮಾಯಿ ಎನೋಕ್ ಎನ್ನುತ್ತಿದ್ದರು.

"ಎಷ್ಟು ದಿನ ಕಾಯಲಿಲ್ಲ?"

"ಹತ್ತೊಂಬತ್ತು ದಿನ."

"ಹತ್ತೊಂಬತ್ತು ದಿನ ಒಂದು ಸಲಾನೂ ಯಾಕೆ ಸುದ್ದಿ ಇಲ್ಲ ಅನ್ನಿಸಲಿಲ್ವಾ?"

"ಇಲ್ಲ ಅಕ್ಕ. ಅನ್ನಿಸಲಿಲ್ಲ."

ಮಾಯಿ ಎನೋಕ್‌ಳ ಕೈ ಬೆನ್ನಿನ ಮಗುವಿನ ಕಾಲಿನತ್ತ ಹೋಯಿತು. "ಹೋದ ಸಲ ಇವನ ಕಾಲು ಊದ್ಕೊಂಡು ಜ್ವರ ಬಂತು. ಇರುವೆ ಕಚ್ಚಿತು ಅಂತ ನಮ್ಮ ಯಜಮಾನ್ರಿಗೆ ಸುಳ್ಳು ಹೇಳಿದೆ. ಅವರು ನಂಬಿ, ಇಡೀ ದಿನ ಗುಡಿಸಲು ಸುತ್ತ ಇರುವೆ ಗೂಡು ಹುಡುಕಿ ಅಗೆದ್ರು. ಮದುವೆಯಾದ ಮೇಲೆ ಅವರ ಮುಖ ನೋಡಿ ಹೇಳಿದ ಒಂದೇ ಸುಳ್ಳು ಅದು. ಮಗು ಬದುಕುತ್ತಲ್ಲ, ದೇವರು ಕ್ಷಮಿಸ್ತಾನೆ ಅಂದ್ಕೊಂಡಿದ್ದೆ. ಈಗ ನೀವು ಹೇಳ್ತೀರಿ ಸೀಸೇಲಿ ಬರೀ ನೀರಿತ್ತು ಅಂತ. ನೀರಿಗೋಸ್ಕರ ನಾನು ಸುಳ್ಳು ಹೇಳಿದ್ನಾ?"

ಮಾಯಿ ಎನೋಕ್ ಬೆನ್ನಿನ ಬಟ್ಟೆ ಬಿಗಿದುಕೊಂಡು, ಬಂದ ದಾರಿಯಲ್ಲೇ ಹೊರಟು ಹೋದಳು. ಎಸ್ನಾತ್ ಅವಳನ್ನು ಕೂಗಲಿಲ್ಲ.

ಉಳಿದ ಎಂಟು ಜನರಲ್ಲಿ ಒಬ್ಬಳು, "ತಪ್ಪು ಮಾಡಿ ಮಂಡಿಯೂರಿದ ಕಚೇರಿಯವರನ್ನ ನಾನು ಇವತ್ತೇ ನೋಡಿದ್ದು," ಎಂದು ಮಗುವನ್ನು ಇಳಿಸಿದಳು. ಎಂಟೂ ಮಕ್ಕಳು ಅತ್ತವು. ಬೆಳಗಾದ ಮೇಲೆ ಬಂದ ಇಪ್ಪತ್ತೆರಡು ತಾಯಂದಿರು ಎಸ್ನಾತ್ ಹೇಳಿದಂತೆಯೇ ಬಾಯಿಗೆ ಬಂದ ಹಾಗೆ ಬೈದು, ಚುಚ್ಚಿಸಿಕೊಂಡು, ಕೊನೆಗೆ ನ್ಯಾರಾಯಿಗೆ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ಹೋದರು.

"ಅವಳ ಮನೆಗೆ ಹೋಗ್ಲಾ?" ಎಂದು ನ್ಯಾರಾಯಿ ಸಂಜೆ ಕೇಳಿದಳು.

"ಹೋಗಿ ಏನಂತೀಯಾ? ಗಂಡನ ಮುಂದೆ ಅವಳನ್ನ ಬಯಲಿಗೆಳೀತೀಯಾ? ಕಾಯ್ಬೇಕು. ಬೇರೆ ದಾರಿ ಇಲ್ಲ."

ನ್ಯಾರಾಯಿ ಮುಟಾರೆಗೆ ಮರಳಲಿಲ್ಲ. ಬುಧವಾರ ವೈರುಗಳನ್ನು ಕೊಳವೆಯೊಳಗೆ ತೂರಿಸಿ ಇಲಿಯ ಹಲ್ಲಿಗೆ ಸಿಗದಂತೆ ಮಾ‍ಡಿದಳು. ಥರ್ಮಾಮೀಟರನ್ನು ಫ್ರಿಜ್ಜಿನೊಳಗೆ ಇಟ್ಟು ಬಾಗಿಲಿಗೆ ಹೊಸ ಕಾಗದ ಅಂಟಿಸಿದಳು. ಆಮೇಲೆ ಲ್ಯಾಪ್‌ಟಾಪು ತೆರೆದು ಹನ್ನೊಂದು ಕ್ಲಿನಿಕ್ಕುಗಳ ಸಾಲುಗಳನ್ನೂ ಒಂದೊಂದಾಗಿ ತೆಗೆದು ಸೊನ್ನೆ ಅಳಿಸಿದಳು. ಟವರೇ ಹೋದಾಗ ಎಲ್ಲರ ಫೋನೂ ಕಿರುಚದಂತೆ, ಅವಳದೊಂದೇ ಕಿರುಚುವಂತೆ ಮಾಡಿದಳು. ಈ ಕೆಲಸ ಮಾರ್ಚಿಯಲ್ಲೇ ಮಾಡಬಹುದಿತ್ತು. ಅರ್ಧ ದಿನದ ಕೆಲಸ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಜನ ನಗುವುದು ಇಂಥವರನ್ನು ಕಂಡೇ. ಗುರುವಾರ ಅವಳ ಫೋನು ಹದಿನಾರು ಸಲ ಬಡಿದುಕೊಂಡಿತು. ಹದಿನಾರು ಸಲವೂ ಎದ್ದು ವಿಚಾರಿಸಿದಳು. ಬೇಲಿಯ ಮೇಲೆ ಟವೆಲು ಇದ್ದೇ ಇತ್ತು. ಮಾಯಿ ಎನೋಕ್ ಬರಲಿಲ್ಲ.

ಶುಕ್ರವಾರ ಬಿಳಿಯವರ ಪ್ರಾರ್ಥನೆಯ ದಿನ. ಕ್ಲಿನಿಕ್ಕಿನ ಎದುರಿನ ಬಯಲಿನಲ್ಲಿ, ರಸ್ತೆಯಾಚೆ, ಗಂಡಸರು ಬೋಳುತಲೆ ಬಿಸಿಲಿಗೊಡ್ಡಿ ಸಾಲಾಗಿ ಕೂತಿದ್ದರು. ಇವತ್ತಂತೂ ಯಾರೂ ಬರುವುದಿಲ್ಲ ಎಂದು ಎಸ್ನಾತ್ ಟವೆಲು ತೆಗೆಯಲು ಹೋಗುತ್ತಿದ್ದಳು. ಅಷ್ಟರಲ್ಲಿ ಬಿಳಿ ಉಟ್ಟ ಒಬ್ಬ ಮುದುಕಿ ಹಿತ್ತಿಲಿನಿಂದ ಬಂದಳು. ಎತ್ತರದ ಆಳು, ಕೈಯಲ್ಲಿ ಕೋಲು, ಬೆನ್ನಿನ ಮೇಲೆ ಮಗು. ಮಗು ಎನೋಕ್.

"ಮುಟಾರೆಯಿಂದ ಬಂದವಳು ಯಾರು?"

"ನಾನು ಅಜ್ಜಿ."

"ಸೀಸೆ ಕೊಂದವಳು ನೀನೇನಾ?"

"ಹೌದು. ನಾನೇ."

"ನಾನು ಇವನಪ್ಪನ ಅಮ್ಮ," ಎಂದು ಮುದುಕಿ ಬೆಂಚಿನ ಮೇಲೆ ಕೂತಳು. "ನನ್ನ ಸೊಸೆ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ನಮ್ಮ ಮನೇಲಿ ಅವಳೂ ಹೇಳಲ್ಲ, ನಾನೂ ಕೇಳಲ್ಲ. ಸೌದೆಗೆ ಅಂತ ನಸುಕಲ್ಲಿ ಹೋಗ್ತಾಳೆ, ಬರೋವಾಗ ಬರೀ ಹಗ್ಗ. ನಾನೇನು ಕುರುಡಿನಾ? ಅವಳು ಹೋದ ದಿನ ಹಿತ್ತಿಲಲ್ಲಿ ಒಂದು ಕಟ್ಟು ಸೌದೆ ಇಟ್ಟಿರ್ತೀನಿ. ಅದನ್ನೇ ಹೊತ್ಕೊಂಡು ಒಳಗೆ ಬರ್ತಾಳೆ. ಯಾರಿಟ್ಟರು ಅಂತ ಒಂದು ದಿನಾನೂ ಕೇಳಿಲ್ಲ, ಕಳ್ಳಿ."

ಎಸ್ನಾತ್ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ನಿನ್ನೆ ಮಾತ್ರ ನಾನೇ ಕೇಳಿದೆ," ಎಂದಳು ಮುದುಕಿ. "ಏನಾಯ್ತೇ ನಿಂಗೆ ಅಂತ. ಎಲ್ಲಾ ಹೇಳಿ ಅತ್ತಳು. ನಾನು ಇವನಪ್ಪನಿಗಿಂತ ಮುಂಚೆ ಎರಡು ಹೆತ್ತಿದ್ದೆ. ಎರಡೂ ನಾಯಿಕೆಮ್ಮಲ್ಲಿ ಹೋದ್ವು, ಒಂದೇ ವಾರದಲ್ಲಿ. ದೇವರನ್ನ ನಾನು ಬಿಟ್ಟಿಲ್ಲ, ಬಿಡೋದೂ ಇಲ್ಲ. ಆದ್ರೆ ಆ ಕೆಮ್ಮಿನ ಸದ್ದು ನನ್ನ ಕಿವಿ ಬಿಟ್ಟಿಲ್ಲ. ಈಗ ಬದುಕಿರೋ ಔಷಧಿ ಹಾಕಿ."

ನ್ಯಾರಾಯಿ ಎನೋಕನನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಳು. ಅವನ ಕಾಲು ಬೆಚ್ಚಗೆ, ದುಂಡಗೆ ಇತ್ತು. ಎಸ್ನಾತ್ ಚುಚ್ಚಿದಳು. ಹುಡುಗ ಉಸಿರು ಕಟ್ಟಿ, ಆಮೇಲೆ ಕಣಿವೆಗೆಲ್ಲ ಕೇಳುವಂತೆ ಕೂಗಿದ. ಮುದುಕಿ ಅವನನ್ನು ಬೆನ್ನಿಗೆ ಹಾಕಿಕೊಂಡು ಬಟ್ಟೆ ಸುತ್ತಿಕೊಂಡು ಮುಂಬಾಗಿಲ ಕಡೆಗೆ ತಿರುಗಿದಳು.

"ಅಮ್ಮಾ, ಹಿತ್ತಿಲಿಂದಾನೇ ಹೋಗಿ," ಎಸ್ನಾತ್ ಗಾಬರಿಯಿಂದ ಅಡ್ಡ ಬಂದಳು. "ಎದುರಿಗೆ ನಿಮ್ಮವರೆಲ್ಲ ಕೂತಿದಾರೆ. ನಿಮ್ಮ ಮಗನೂ ಅಲ್ಲೇ ಇದಾನೆ."

"ಸುತ್ತು ದಾರಿ. ನನ್ನ ಮಂಡಿ ಕೇಳಲ್ಲ," ಎಂದಳು ಮುದುಕಿ. "ಮಗು ಬೇರೆ ಅಳ್ತಿದೆ. ಅಳೋ ಮಗೂನ ಎಲ್ಲಿ ಅಂತ ಬಚ್ಚಿಡ್ಲಿ?"

ಕೋಲೂರುತ್ತ ರಸ್ತೆ ದಾಟಿ ಬಯಲಿಗೆ ಇಳಿದಳು. ಸಾಲಿನಲ್ಲಿ ಕೂತವರ ತಲೆಗಳು ಒಂದೊಂದಾಗಿ ತಿರುಗಿದವು. ಎರಡನೆಯ ಸಾಲಿನಿಂದ ಒಬ್ಬ ತರುಣ ಎದ್ದು ನಿಂತ, ಎನೋಕನ ಅಪ್ಪ. ಮುದುಕಿ ಅವನ ಎದುರಿಗೆ ಹೋಗಿ ನಿಂತು ಏನೋ ಹೇಳಿದಳು; ಕ್ಲಿನಿಕ್ಕಿನ ಬಾಗಿಲಿಗೆ ಅದು ಕೇಳಿಸಲಿಲ್ಲ, ಮಗುವಿನ ಅಳು ಮಾತ್ರ ಕೇಳುತ್ತಿತ್ತು. ಅವನು ಕ್ಲಿನಿಕ್ಕಿನತ್ತ ನೋಡಿದ. ಎಸ್ನಾತ್‌ಳ ಕೈ ನ್ಯಾರಾಯಿಯ ಕೈಯನ್ನು ಹಿಡಿದುಕೊಂಡಿತ್ತು.

ಆಮೇಲೆ ಅವನು ತಾಯಿಯ ಹಿಂದೆ ಬಂದು, ಜಾರುತ್ತಿದ್ದ ಬಟ್ಟೆಯನ್ನು ಮೇಲೆಳೆದು, ಮಗು ಬೀಳದಂತೆ ಗಂಟನ್ನು ಬಿಗಿದು ಕಟ್ಟಿದ. ಕಟ್ಟಿ, ತನ್ನ ಜಾಗಕ್ಕೆ ಹೋಗಿ ಕೂತುಕೊಂಡ.